ಸ್ಟೀರಿಯೋಗೂ ಎಸಿಗೂ ಏನು ಸಂಬಂಧ? ಒಂದು ವೈರಿಂಗ್ ರಿಪೇರಿ, ಒಂದು ವಾರಂಟಿ ಜಗಳ

ಕಾರು ನಮ್ಮ ಭಾವನದು. ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬೇಸ್ ಮಾಡೆಲ್. ಕಂಪನಿ ವಾರಂಟಿ ಇನ್ನೂ ಮುಗಿದಿಲ್ಲ. ತೊಂದರೆ ಎರಡು. ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಎಸಿ ಹಾಕಿದರೆ ಬರೀ ಗಾಳಿ, ತಂಪಿಲ್ಲ.

ಸರ್ವಿಸ್ ಸೆಂಟರಿನಲ್ಲಿ ಬಾನೆಟ್ ಎತ್ತಿದರು. ಫಾಗ್ ಲ್ಯಾಂಪಿನ ವೈರು ಕಂಡಿತು. ಒಳಗೆ ಆಂಡ್ರಾಯ್ಡ್ ಸ್ಟೀರಿಯೋ ಕಂಡಿತು. "ಹೊರಗಡೆ ವೈರ್ ಕಟ್ ಮಾಡಿಸಿದ್ದೀರಿ ಸಾರ್, ವಾರಂಟಿ ಹೋಯ್ತು" ಅಂದರು. ಎರಡು ತೊಂದರೆಗೂ ಅದೊಂದೇ ಉತ್ತರ. ಎಸಿ ಕಡೆ ತಿರುಗಿಯೂ ನೋಡಲಿಲ್ಲವಂತೆ.

ಬ್ಯಾಟರಿ ವಿಷಯದಲ್ಲಿ ಅವರ ಮಾತು ಸರಿ ಇರಬಹುದು ಅಂತ ನನಗೆ ಆಗಲೇ ಅನ್ನಿಸಿತ್ತು. ಎಸಿ ವಿಷಯ ಹಾಗಲ್ಲ. ಸ್ಟೀರಿಯೋ ಹಾಕಿಸಿದ್ದಕ್ಕೆ ಎಸಿ ಪೈಪು ಸೋರುತ್ತದಾ? ಕೇಳಿದರೆ ಜಗಳ ಆಗುತ್ತದೆ ಅಷ್ಟೇ. ಅಳೆದು ತೋರಿಸಿದರೆ ಮಾತು ಮುಂದೆ ಹೋಗುತ್ತದೆ. ಹಾಗಾಗಿ ಕಾರನ್ನು ನಮ್ಮ ಶೆಡ್ಡಿಗೆ ತಂದೆವು.

ಕಾರಿನ ಹಿನ್ನೆಲೆ ಸ್ವಲ್ಪ ಹೇಳಬೇಕು. ಬೇಸ್ ಮಾಡೆಲ್‌ಗೂ ಟಾಪ್ ಮಾಡೆಲ್‌ಗೂ ಲಕ್ಷಗಳ ವ್ಯತ್ಯಾಸ. ಆದ್ದರಿಂದ ಬೇಸ್ ತಗೊಂಡು ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಉಳಿದದ್ದನ್ನೆಲ್ಲ ಹಾಕಿಸುವುದು ನಮ್ಮ ಕಡೆ ಎಲ್ಲರೂ ಮಾಡುವ ಲೆಕ್ಕಾಚಾರ. ಭಾವನೂ ಅದನ್ನೇ ಮಾಡಿದರು. ಸ್ಟೀರಿಯೋ, ರಿವರ್ಸ್ ಕ್ಯಾಮೆರಾ, ಜೋಡಿ ಹಾರ್ನ್, ಫಾಗ್ ಲ್ಯಾಂಪ್. ಫಾಗ್ ಲ್ಯಾಂಪ್ ಶೋಕಿಗೆ ಹಾಕಿಸಿದ್ದಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವವರಿಗೆ ಮಳೆಗಾಲದ ಮಂಜು ಗೊತ್ತು. ಜೆ.ಸಿ. ರೋಡಿನಲ್ಲಿ ಒಳ್ಳೆ ಕೆಲಸಗಾರರೂ ಇದ್ದಾರೆ, ಅರ್ಧ ಗಂಟೆಯಲ್ಲಿ ಮುಗಿಸಿ ಮುಂದಿನ ಕಾರಿಗೆ ಹೋಗುವವರೂ ಇದ್ದಾರೆ. ಭಾವನಿಗೆ ಎರಡನೇ ಜಾತಿಯವರು ಸಿಕ್ಕಿದ್ದರು.

ಬ್ಯಾಟರಿ ಎಲ್ಲಿ ಸೋರುತ್ತಿದೆ

ಏನನ್ನೂ ಬಿಚ್ಚುವ ಮೊದಲು ಫೋಟೋ. ಪ್ರತಿ ಜಾಯಿಂಟು, ಪ್ರತಿ ಫ್ಯೂಸು, ಓಡೋಮೀಟರ್. ನಂತರ ಕಂಪನಿಯವರ ಮುಂದೆ "ಮೊದಲು ಹೀಗಿತ್ತು" ಅನ್ನಬೇಕಾದರೆ ಇದು ಬೇಕೇ ಬೇಕು.

ಕಾರು ಆಫ್ ಇದ್ದಾಗ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ನೋಡುವುದು ಕಷ್ಟವೇನಲ್ಲ, ತಾಳ್ಮೆ ಬೇಕು. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಟರ್ಮಿನಲ್‌ಗೂ ನಡುವೆ ಮಲ್ಟಿಮೀಟರ್ ಸೇರಿಸಬೇಕು. 10 ಆಂಪ್ ರೇಂಜಿನಲ್ಲಿ. ಮೀಟರ್ ಹೀಗೆ ನಡುವೆ ಇರುವಾಗ ಯಾರೂ ಕೀ ತಿರುಗಿಸಬಾರದು. ಸ್ಟಾರ್ಟರ್ ಮೋಟರ್ ನೂರಕ್ಕೂ ಹೆಚ್ಚು ಆಂಪ್ ಎಳೆಯುತ್ತದೆ, ಮೀಟರಿನ ಫ್ಯೂಸು ಆ ಕ್ಷಣವೇ ಹೋಗುತ್ತದೆ. ಕೀಯನ್ನು ನನ್ನ ಜೇಬಿಗೇ ಹಾಕಿಕೊಂಡೆ.

ಬಾಗಿಲು ತೆರೆದಿದ್ದರೆ ಕಾರು ಎಚ್ಚರವಾಗಿಯೇ ಇರುತ್ತದೆ. ಆದ್ದರಿಂದ ಬಾಗಿಲಿನ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ತಳ್ಳಿ ಲಾಕ್ ಸ್ಥಿತಿಗೆ ತಂದೆ. ಬಾಗಿಲು ತೆರೆದೇ ಇರುತ್ತದೆ, ಕಾರು ಮಾತ್ರ ಮುಚ್ಚಿದೆ ಅಂದುಕೊಳ್ಳುತ್ತದೆ. ಬಾಡಿ ಕಂಟ್ರೋಲ್ ಮಾಡ್ಯೂಲ್ (ಲೈಟು, ಲಾಕು ನೋಡಿಕೊಳ್ಳುವ ಕಾರಿನ ಸಣ್ಣ ಕಂಪ್ಯೂಟರ್) ನಿದ್ದೆಗೆ ಹೋಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಷ್ಟರಲ್ಲಿ ಅಕ್ಕ ಕಾಫಿ ತಂದರು.

ಕಾಫಿ ಮುಗಿದ ಮೇಲೆ ಮೀಟರ್ ನೋಡಿದರೆ 0.36 ಆಂಪ್. ಸರಿಯಿರುವ ಕಾರಿನಲ್ಲಿ ಇದು ಸಾಮಾನ್ಯವಾಗಿ 0.02ರಿಂದ 0.05ರೊಳಗೆ ಇರುತ್ತದೆ. ಲೆಕ್ಕ ಹಾಕಿ. 0.36 ಆಂಪ್ ದಿನಕ್ಕೆ 24 ಗಂಟೆ ಎಳೆದರೆ ಸುಮಾರು 8.6 ಆಂಪ್-ಅವರ್. ಬ್ಯಾಟರಿ 35 ಆಂಪ್-ಅವರಿನದು. ನಾಲ್ಕು ದಿನಕ್ಕೆ ಪೂರ್ತಿ ಖಾಲಿ. ಸ್ಟಾರ್ಟ್ ಆಗದಿರಲು ಅಷ್ಟು ಖಾಲಿಯಾಗಲೂ ಬೇಕಿಲ್ಲ.

"ಹಾಗಾದ್ರೆ ಬ್ಯಾಟರಿ ಕೆಟ್ಟಿಲ್ವೇನಯ್ಯಾ?" ಅಂದರು ಭಾವ.

"ಬ್ಯಾಟರಿ ತಾನಾಗಿ ಕೆಡಲಿಲ್ಲ ಭಾವ, ನಾವೇ ಕೆಡಿಸುತ್ತಿದ್ದೀವಿ" ಅಂದೆ. ಲೆಡ್-ಆ್ಯಸಿಡ್ ಬ್ಯಾಟರಿಯನ್ನು ಮತ್ತೆ ಮತ್ತೆ ಪೂರ್ತಿ ಖಾಲಿ ಮಾಡಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಬರುವುದಿಲ್ಲ.

ಈಗ ಯಾರು ಎಳೆಯುತ್ತಿದ್ದಾರೆ ಅಂತ ಹುಡುಕಬೇಕು. ಬಹಳ ಜನ ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾರೆ. ಕಿತ್ತು ಮತ್ತೆ ಹಾಕಿದಾಗ ಮಾಡ್ಯೂಲ್‌ಗಳು ಎದ್ದುಬಿಡುತ್ತವೆ, ಮತ್ತೆ ಅರ್ಧ ಗಂಟೆ ಕಾಯಬೇಕು. ಅದಕ್ಕಿಂತ ಒಳ್ಳೆಯ ದಾರಿ ಇದೆ. ಬ್ಲೇಡ್ ಫ್ಯೂಸಿನ ಬೆನ್ನಿನ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಇರುತ್ತವೆ. ಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಆ ಎರಡು ಚುಕ್ಕೆ ಮುಟ್ಟಿಸಿ. ಕರೆಂಟ್ ಹರಿಯದ ಫ್ಯೂಸಿನಲ್ಲಿ ಸೊನ್ನೆ. ಹರಿಯುವುದರಲ್ಲಿ ಸಣ್ಣದೊಂದು ಅಂಕಿ ಬರುತ್ತದೆ. ರೂಮ್ ಲ್ಯಾಂಪ್ ಫ್ಯೂಸಿನಲ್ಲಿ ಅಂಕಿ ಬಂತು. ಅದನ್ನು ಕಿತ್ತೆ, ಮೀಟರ್ 0.03ಕ್ಕೆ ಇಳಿಯಿತು.

ಸ್ಟೀರಿಯೋ ಹೊರಗೆ ಎಳೆದಾಗ ಕಾರಣ ಕಣ್ಣಿಗೇ ಕಂಡಿತು. ಸ್ಟೀರಿಯೋಗಳಲ್ಲಿ ಹಳದಿ ವೈರು ಯಾವಾಗಲೂ ಇರುವ 12 ವೋಲ್ಟಿಗೆ, ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟಿಗೆ. ಅಂಗಡಿಯವನು ಎರಡನ್ನೂ ಸೇರಿಸಿ ತಿರುಚಿ, ರೂಮ್ ಲ್ಯಾಂಪಿನ ಲೈನಿಗೆ ಕಟ್ಟಿ, ಟೇಪ್ ಸುತ್ತಿದ್ದ. ಪರದೆ ಆಫ್ ಆದರೂ ಸ್ಟೀರಿಯೋ ಹಗಲೂ ರಾತ್ರಿ ಎಚ್ಚರ. ಪಕ್ಕದಲ್ಲೇ ಕಂಪನಿಯ ಆಡಿಯೋ ಕಪ್ಲರ್, ಅಂದರೆ ವೈರುಗಳನ್ನು ಸಿಕ್ಕಿಸಿ ಜೋಡಿಸುವ ಪ್ಲಗ್ಗು, ಇತ್ತು. ಮೇಲಿನ ಮಾಡೆಲಿಗೆ ಅಂತ ಹಾಕಿದ ವೈರಿಂಗ್ ಬೇಸ್ ಮಾಡೆಲಿನಲ್ಲೂ ಎಷ್ಟೋ ಸಲ ಹಾಗೇ ಬಂದಿರುತ್ತದೆ. ಇವನು ಆ ಕಪ್ಲರಿನ ಸ್ಪೀಕರ್ ವೈರುಗಳನ್ನು ಮಾತ್ರ ಕತ್ತರಿಸಿ ಬಳಸಿದ್ದ. ಕೀ ಜೊತೆ ಆನ್-ಆಫ್ ಆಗುವ ವೈರೂ ಅದರಲ್ಲೇ ಇತ್ತು. ಮೀಟರ್ ಹಿಡಿದು ನೋಡುವ ತಾಳ್ಮೆ ಇರಲಿಲ್ಲ ಅಷ್ಟೇ.

20 ಆಂಪಿನ ಫ್ಯೂಸ್

ಫಾಗ್ ಲ್ಯಾಂಪಿನ ಕೆಲಸ ಇದಕ್ಕಿಂತ ಅಪಾಯದ್ದು. 55 ವ್ಯಾಟಿನ ಎರಡು ಬಲ್ಬು. ಎಂಜಿನ್ ಓಡುವಾಗ ಎರಡೂ ಸೇರಿ ಸುಮಾರು 8 ಆಂಪ್. ಇದನ್ನು ನೇರವಾಗಿ ಎಡಗಡೆ ಹೆಡ್‌ಲೈಟಿನ ವೈರಿನಿಂದ ತೆಗೆದಿದ್ದರು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಇಲ್ಲ. ಹೆಡ್‌ಲೈಟಿನದೇ 4 ಆಂಪ್, ಜೊತೆಗೆ ಈ 8. ಕಂಪನಿ ಹಾಕಿದ್ದ 10 ಆಂಪಿನ ಫ್ಯೂಸ್ ಹಾರುತ್ತಿತ್ತು ಅಂತ ಕಾಣುತ್ತದೆ, ಅದನ್ನು ತೆಗೆದು 20 ಆಂಪಿನದನ್ನು ತುರುಕಿದ್ದರು.

ಫ್ಯೂಸ್ ಇರುವುದು ಬಲ್ಬು ಕಾಯುವುದಕ್ಕಲ್ಲ, ವೈರು ಕಾಯುವುದಕ್ಕೆ. ಆ ವೈರಿನ ದಪ್ಪ ನೋಡಿಯೇ ಕಂಪನಿ 10 ಅಂತ ಇಟ್ಟದ್ದು. 20 ಹಾಕಿದ ಮೇಲೆ ಫ್ಯೂಸಿಗಿಂತ ಮೊದಲು ವೈರು ಬಿಸಿಯಾಗುತ್ತದೆ. ಆಗಿತ್ತು ಕೂಡ. ಹೆಡ್‌ಲೈಟ್ ಕಪ್ಲರ್ ಕಂದು ಬಣ್ಣಕ್ಕೆ ತಿರುಗಿತ್ತು, ಹತ್ತಿರದ ವೈರಿನ ಪ್ಲಾಸ್ಟಿಕ್ ಬೆರಳಲ್ಲಿ ಮಡಚಿದರೆ ಬಿರುಕು ಬಿಡುತ್ತಿತ್ತು. ನನ್ನ ಪ್ರಕಾರ ಇಷ್ಟು ನೋಡಿದ ಯಾವ ಕಂಪನಿಯೂ ಆ ಕಪ್ಲರಿಗೆ ವಾರಂಟಿ ಕೊಡಬೇಕಾಗಿಲ್ಲ. ಭಾವನಿಗೂ ಹಾಗೇ ಹೇಳಿದೆ. ಅವರ ಮುಖ ಸಣ್ಣದಾಯಿತು.

ವೈರಿಂಗ್ ಬಿಚ್ಚಿ ಮತ್ತೆ ಕಟ್ಟಿದ್ದು

ನಿಯಮ ಒಂದೇ ಇಟ್ಟುಕೊಂಡೆವು. ಇನ್ನು ಮೇಲೆ ಕಂಪನಿಯ ಯಾವ ವೈರಿಗೂ ಬ್ಲೇಡು ತಾಗಬಾರದು. ಹಾಕಿದ್ದನ್ನೆಲ್ಲ ಕಪ್ಲರ್ ಎಳೆದು ತೆಗೆಯುವಂತಿರಬೇಕು.

ಮೊದಲು ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಬಿಟ್ಟೆವು. ಡ್ಯಾಶ್‌ಬೋರ್ಡಿನ ಒಳಗೆ ಹಳದಿ ಸ್ಲೀವ್ ಅಥವಾ ಹಳದಿ ಕಪ್ಲರ್ ಇರುವ ವೈರು ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಕೈಯೂ ಹಾಕಬೇಡಿ, ಮೀಟರೂ ಹಿಡಿಯಬೇಡಿ.

ಸ್ಟೀರಿಯೋಗೆ ಈ ಕಾರಿನ ಕಪ್ಲರಿಗೆ ಕೂರುವ ಅಡಾಪ್ಟರ್ ವೈರಿಂಗ್ ತರಿಸಿದೆವು. ದೊಡ್ಡ ದುಡ್ಡೇನಲ್ಲ. ಕತ್ತರಿಸಿದ್ದ ಕಂಪನಿ ವೈರುಗಳನ್ನು ಕ್ರಿಂಪ್ ಸ್ಲೀವ್ (ಲೋಹದ ಸಣ್ಣ ಕೊಳವೆ) ಹಾಕಿ ಒತ್ತಿ, ಮೇಲೆ ಒಳಗಡೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ ಜೋಡಿಸಿದೆ. ಎಲ್ಲ ಜಾಯಿಂಟೂ ಒಂದೇ ಕಡೆ ಬಂದರೆ ಗಂಟು ದಪ್ಪವಾಗುತ್ತದೆ, ಆದ್ದರಿಂದ ಹಿಂದೆ ಮುಂದೆ ಮಾಡಿ ಇಟ್ಟೆ. ಬೆಸುಗೆ ಯಾಕೆ ಹಾಕಲಿಲ್ಲ ಅಂತ ಕೇಳುವವರಿದ್ದಾರೆ. ಬೆಸುಗೆ ಹಾಕಿದ ವೈರು ಗಟ್ಟಿಯಾಗುತ್ತದೆ, ಗಟ್ಟಿ ಭಾಗ ಮುಗಿಯುವ ಜಾಗದಲ್ಲಿ ಕಾರಿನ ಅದುರಿಗೆ ಮುರಿಯುತ್ತದೆ. ಕಾರಿನ ಕೆಲಸಕ್ಕೆ ಒಳ್ಳೆಯ ಕ್ರಿಂಪೇ ಮೇಲು. ಹಾಗೇ, ಕ್ಯಾಬಿನ್ ಒಳಗೆ ಮಾಮೂಲಿ ಕಪ್ಪು ಇನ್ಸುಲೇಷನ್ ಟೇಪ್ ಬೇಡ. ಬೇಸಿಗೆಯಲ್ಲಿ ಅಂಟು ಕರಗಿ ಕೈಗೆಲ್ಲ ಮೆತ್ತುತ್ತದೆ. ಬಟ್ಟೆ ಟೇಪ್ ಸಿಗುತ್ತದೆ, ಅದನ್ನು ಸುತ್ತಿ.

ಫಾಗ್ ಲ್ಯಾಂಪಿಗೆ 12 ವೋಲ್ಟ್, 30 ಆಂಪಿನ ನಾಲ್ಕು ಪಿನ್ನಿನ ರಿಲೇ. ಪಿನ್ನುಗಳ ಮೇಲೆ 30, 85, 86, 87 ಅಂತ ಬರೆದಿರುತ್ತದೆ. ಬ್ಯಾಟರಿ ಪಾಸಿಟಿವ್‌ನಿಂದ 15 ಆಂಪಿನ ಫ್ಯೂಸ್ ದಾಟಿ 2.5 ಸ್ಕ್ವೇರ್ ಎಂಎಂ ವೈರು 30ಕ್ಕೆ. 87ರಿಂದ ಲ್ಯಾಂಪುಗಳಿಗೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ದೂರ ಇಟ್ಟರೆ ನಡುವಿನ ವೈರು ಬಾಡಿಗೆ ಉಜ್ಜಿ ಶಾರ್ಟ್ ಆದಾಗ ಕಾಯುವವರು ಯಾರೂ ಇಲ್ಲ.

ರಿಲೇ ಆನ್ ಮಾಡುವ ಸಣ್ಣ ಕರೆಂಟನ್ನು ಹೆಡ್‌ಲೈಟ್ ವೈರಿನಿಂದ ತೆಗೆಯಲಿಲ್ಲ. ಕ್ಯಾಬಿನ್ ಫ್ಯೂಸ್ ಬಾಕ್ಸಿನಲ್ಲಿ ಲೈಟರ್ ಸಾಕೆಟ್ಟಿನ ಫ್ಯೂಸ್ ಜಾಗಕ್ಕೆ ಎರಡು ಫ್ಯೂಸ್ ಹಿಡಿಸುವ ಟ್ಯಾಪ್ ಹಾಕಿದೆ. ಕಂಪನಿಯ ಫ್ಯೂಸೂ ಅದರಲ್ಲೇ ಕೂರುತ್ತದೆ, ನಮ್ಮ 3 ಆಂಪಿನದೂ ಕೂರುತ್ತದೆ. ರಿಲೇ ಕಾಯಿಲ್ ಎಳೆಯುವುದು ಸುಮಾರು 0.15 ಆಂಪ್, ಅದಕ್ಕೆ ಇದು ಧಾರಾಳ. ಅಲ್ಲಿಂದ ಸ್ವಿಚ್, ಸ್ವಿಚ್ಚಿನಿಂದ 86. 85 ಅರ್ತಿಂಗ್. ಕೀ ತೆಗೆದರೆ ಫಾಗ್ ಲ್ಯಾಂಪೂ ಆಫ್.

ಎಂಜಿನ್ ಕಡೆಗೆ ಹೋಗಲು ಹೊಸ ತೂತು ಕೊರೆಯಲಿಲ್ಲ. ಇದ್ದ ರಬ್ಬರ್ ಗ್ರಾಮೆಟ್ಟಿನ (ವೈರು ದಾಟುವ ತೂತಿನ ರಬ್ಬರ್ ಬಳೆ) ಪಕ್ಕದಲ್ಲೇ ದಾರಿ ಇತ್ತು. ಅಂಗಡಿಯವರು ಅರ್ತಿಂಗಿಗೆ ಬಣ್ಣದ ಮೇಲೆಯೇ ಸ್ಕ್ರೂ ಹೊಡೆದಿದ್ದರು, ತುಕ್ಕು ಶುರುವಾಗಿತ್ತು. ಅದನ್ನು ತೆಗೆದು ಉಜ್ಜಿ ಬಣ್ಣ ಹಚ್ಚಿದೆ, ಹೊಸ ಲಗ್ (ವೈರಿನ ತುದಿಯ ಲೋಹದ ಬಳೆ) ಕಂಪನಿಯ ಅರ್ತಿಂಗ್ ಬೋಲ್ಟಿಗೇ ಹೋಯಿತು. ರಿಲೇಯ ಪಿನ್ನು ಕೆಳಮುಖ ಇಡಿ. ಮಲೆನಾಡಿನ ಮಳೆಯಲ್ಲಿ ಮೇಲ್ಮುಖ ಇಟ್ಟ ಸಾಕೆಟ್ಟಿನಲ್ಲಿ ನೀರು ನಿಲ್ಲುತ್ತದೆ.

ಹೆಡ್‌ಲೈಟಿನ ಬಿರುಕು ಬಿಟ್ಟ ವೈರು ಬದಲಾಯಿಸಿ, ಹೊಸ ಕಪ್ಲರ್ ಹಾಕಿ, 10 ಆಂಪಿನ ಫ್ಯೂಸನ್ನು ವಾಪಸ್ ಕೂರಿಸಿದೆ. ರಿವರ್ಸ್ ಕ್ಯಾಮೆರಾದ್ದು ಸಣ್ಣ ಕೆಲಸ, ಬಲ್ಬ್ ಹೋಲ್ಡರಿನ ಹತ್ತಿರ ಜೋಡಿ ಕಪ್ಲರ್ ಹಾಕಿ ಮುಗಿಸಿದೆ.

ಮತ್ತೆ ಅಳೆದಾಗ ಕಾರು ನಿದ್ದೆಯಲ್ಲಿ 0.03 ಆಂಪ್. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.2 ವೋಲ್ಟ್, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಆರಾಮಾಗಿದೆ. ಬ್ಯಾಟರಿಯನ್ನು ರಾತ್ರಿಯಿಡೀ ನಿಧಾನ ಚಾರ್ಜಿಗೆ ಹಾಕಿದೆವು. ಎದ್ದು ಕೂತಿತು, ಆದರೆ ಹೊಸದರ ಹುರುಪಿಲ್ಲ.

ಎಸಿ

ಎಸಿ ಗ್ಯಾಸ್ ಪೈಪು ನಾನು ಬಿಚ್ಚುವುದಿಲ್ಲ. ಅದಕ್ಕೆ ಮೆಷಿನ್ ಬೇಕು. ಅದೂ ಅಲ್ಲದೆ, ವಾರಂಟಿ ಕೇಳಲು ಹೊರಟ ಭಾಗವನ್ನು ನಾವೇ ಬಿಚ್ಚಿದರೆ ಕಥೆ ಮುಗಿದ ಹಾಗೆ. ಹೊರಗಿನಿಂದ ನೋಡುವುದಷ್ಟೇ ಕೆಲಸ.

ಗ್ಯಾಸ್ ಒತ್ತುವ ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ ಟಕ್ ಅಂತ ಹಿಡಿದು ಕೂಡಲೇ ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಗ್ಯಾಸ್ ಕಡಿಮೆ ಇದ್ದಾಗ ಹೀಗಾಗುತ್ತದೆ. ಕ್ಲಚ್ಚಿಗೆ 12 ವೋಲ್ಟ್ ಸರಿಯಾಗಿ ಬರುತ್ತಿತ್ತು, ಎಸಿಯ ಫ್ಯೂಸ್ ಕಂಪನಿಯದ್ದೇ, ಆ ವೈರಿಂಗಿಗೆ ಯಾರೂ ಕೈ ಹಾಕಿರಲಿಲ್ಲ. ಮುಂದಿನ ಗ್ರಿಲ್ಲಿನ ಹಿಂದೆ ಗ್ಯಾಸ್ ತಣಿಸುವ ಕಂಡೆನ್ಸರಿಗೆ ಕಲ್ಲು ಬಡಿದ ಗುರುತಿಲ್ಲ. ಇದು ಮುಖ್ಯ, ಯಾಕೆಂದರೆ ಕಲ್ಲೇಟು ವಾರಂಟಿಗೆ ಬರುವುದಿಲ್ಲ. ಆದರೆ ರಬ್ಬರ್ ಪೈಪು ಅಲ್ಯೂಮಿನಿಯಂ ಪೈಪಿಗೆ ಸೇರುವ ಜಾಗದಲ್ಲಿ ಎಣ್ಣೆ ಜಿಡ್ಡು, ಅದರ ಮೇಲೆ ದೂಳು. ಎಸಿ ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತದೆ, ಸೋರಿದ ಕಡೆ ಅದೇ ಸಾಕ್ಷಿ. ಎಂಜಿನ್ ನಿಲ್ಲಿಸಿ ಸೋಪು ನೀರು ಹಚ್ಚಿದೆ. ಸಣ್ಣ ಗುಳ್ಳೆಗಳು ಬಂದವು. ವಿಡಿಯೋ ಮಾಡಿಕೊಂಡೆವು.

ಕಾಗದದ ಕೆಲಸ

ವಾರಂಟಿ ಪುಸ್ತಕವನ್ನು ಭಾವ ಪ್ಲಾಸ್ಟಿಕ್ ಕವರಿನಿಂದ ತೆಗೆದೇ ಇರಲಿಲ್ಲ. ಅದರಲ್ಲಿ ಇದ್ದದ್ದು, ಮಾರ್ಪಾಡಿನಿಂದ ಆದ ಹಾನಿಗೆ ವಾರಂಟಿ ಇಲ್ಲ ಅಂತ. ಮಾರ್ಪಾಡು ಮಾಡಿದರೆ ಇಡೀ ಕಾರಿಗೆ ಇಲ್ಲ ಅಂತ ಅಲ್ಲ. ಎಲ್ಲ ಕಂಪನಿಗಳ ಪುಸ್ತಕ ಒಂದೇ ತರ ಇರುವುದಿಲ್ಲ, ಕೆಲವು ಇನ್ನೂ ಬಿಗಿಯಾಗಿವೆ. ಏನಾದರೂ ಹಾಕಿಸುವ ಮೊದಲು ಆ ಒಂದು ಪುಟ ಓದಿ.

ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ಶಂಶೇರ್ ಕಟಾರಿಯಾ ಪ್ರಕರಣದಲ್ಲಿ ಒಂದು ದೊಡ್ಡ ಆದೇಶ ಕೊಟ್ಟಿತು. 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ. ಎಲ್ಲರೂ ದಂಡದ ಸುದ್ದಿ ಓದಿದರು. ನಮಗೆ ಬೇಕಾದದ್ದು ಅದರ ಒಳಗಿದೆ. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಅನ್ನುವ ಷರತ್ತು ಹಾಕಬಾರದು, ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿ ಆಗಿದೆಯೋ ಅಷ್ಟಕ್ಕೆ ಮಾತ್ರ ರದ್ದು ಮಾಡಬಹುದು ಅಂತ. ಆದೇಶದ ವಿರುದ್ಧ ಕಂಪನಿಗಳು ಮೇಲ್ಮನವಿಗೆ ಹೋದವು. ಅದು ರಿಪೇರಿ ಕುರಿತ ಆದೇಶ, ಆ್ಯಕ್ಸೆಸರಿ ಕುರಿತು ನೇರವಾಗಿ ಅಲ್ಲ. ಆದರೂ ವಾದದ ಎಳೆ ನಮ್ಮದೇ. ಅಮೆರಿಕದಲ್ಲಿ ಇದಕ್ಕೆ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯೇ ಇದೆ. ನಮ್ಮಲ್ಲಿ ಹಾಗೆ ಪ್ರತ್ಯೇಕ ಕಾಯ್ದೆ ಇಲ್ಲ, ಗ್ರಾಹಕ ರಕ್ಷಣಾ ಕಾಯ್ದೆ 2019ರ ಅಡಿ ಸೇವಾ ಲೋಪ ಅಂತಲೇ ಹೋಗಬೇಕು.

ಸರ್ವಿಸ್ ಅಡ್ವೈಸರ್ ಜೊತೆ ವಾದ ಮಾಡಿ ಉಪಯೋಗವಿಲ್ಲ. ಕ್ಲೇಮ್ ಒಪ್ಪುವುದು ಬಿಡುವುದು ಅವರ ಕೈಯಲ್ಲಿ ಇರುವುದಿಲ್ಲ. ಭಾವ ಕೇಳಿದ್ದು ಒಂದೇ: "ಎಸಿ ಪೈಪಿಗೆ ಯಾಕೆ ಇಲ್ಲ ಅಂತ ಜಾಬ್ ಕಾರ್ಡಿನಲ್ಲಿ ಬರೆದು ಕೊಡಿ. ಯಾವ ಮಾರ್ಪಾಡಿನಿಂದ ಈ ಪೈಪು ಸೋರಿತು ಅಂತನೂ ಬರೆಯಿರಿ." ಬಾಯಲ್ಲಿ ಸುಲಭವಾಗಿ ಬಂದ ಮಾತು ಪೆನ್ನಿನಲ್ಲಿ ಬರಲಿಲ್ಲ. "ಮೇಲೆ ಕೇಳಿ ಹೇಳ್ತೀವಿ ಸಾರ್" ಅಂದರು. ಅದೇ ದಿನ ಕಂಪನಿಯ ಗ್ರಾಹಕ ವಿಭಾಗಕ್ಕೆ ಮೇಲ್ ಕಳಿಸಿದೆವು. ಫೋಟೋ, ವಿಡಿಯೋ, ಮೊದಲು ಮತ್ತು ನಂತರದ ಅಳತೆ, ಎಲ್ಲ ಸರ್ವಿಸ್ ಬಿಲ್. ಬ್ಯಾಟರಿ ಮತ್ತು ಹೆಡ್‌ಲೈಟ್ ಕಪ್ಲರ್ ನಾವು ಕೇಳುತ್ತಿಲ್ಲ, ಎಸಿ ಪೈಪು ಮಾತ್ರ ಅಂತ ಮೊದಲ ಸಾಲಿನಲ್ಲೇ ಬರೆದೆವು. ನಮ್ಮದಲ್ಲದ್ದನ್ನು ಬಿಟ್ಟುಕೊಟ್ಟದ್ದರಿಂದ ಉಳಿದ ಮಾತಿಗೆ ತೂಕ ಬಂತು ಅಂತ ನನ್ನ ನಂಬಿಕೆ.

ಕಂಪನಿಯ ಕಡೆಯವರು ಬಂದು ನೋಡಿದರು. ಪೈಪು ವಾರಂಟಿಯಲ್ಲಿ ಬದಲಾಯಿತು, ಗ್ಯಾಸೂ ತುಂಬಿಕೊಟ್ಟರು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ (ನಂಬರ್ 1915), ಆಮೇಲೆ ಜಿಲ್ಲಾ ಗ್ರಾಹಕ ಆಯೋಗ ಅಂತ ಲೆಕ್ಕ ಹಾಕಿದ್ದೆವು. 2019ರ ಕಾಯ್ದೆ ಬಂದ ಮೇಲೆ ನಾವು ಇರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಊರವರ ಪ್ರಶ್ನೆಗಳು

ಕಾರು ಸರಿಹೋದ ಸುದ್ದಿ ಹರಡಿತು. ದೊಡ್ಡ ಟಯರ್ ಹಾಕಿಸಿದರೆ? ಬೇರಿಂಗು, ಸಸ್ಪೆನ್ಷನ್, ಸ್ಟೀರಿಂಗ್ ಕಡೆ ಕ್ಲೇಮ್ ಬಂದಾಗ ಮೊದಲು ಅದನ್ನೇ ತೋರಿಸುತ್ತಾರೆ, ಮತ್ತು ಅಲ್ಲಿ ಅವರ ವಾದಕ್ಕೆ ಬಲ ಇದೆ. ಇಸಿಯು ರೀಮ್ಯಾಪ್, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಪ್ರೋಗ್ರಾಂ ಬದಲಾವಣೆ, ಮಾಡಿಸಿದರೆ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಮರೆತುಬಿಡಿ. ಹಳೆಯ ಫೈಲ್ ವಾಪಸ್ ಹಾಕಿದರೂ ಬರೆದ ಗುರುತು ಬಹಳಷ್ಟು ಇಸಿಯುಗಳಲ್ಲಿ ಉಳಿಯುತ್ತದೆ. ಹೊರಗಿನ ಸಿಎನ್‌ಜಿ ಕಿಟ್ಟಿಗೂ ಎಂಜಿನ್ ವಾರಂಟಿ ಆಸೆ ಬೇಡ. ಅದನ್ನು ಆರ್‌ಸಿಯಲ್ಲಿ ಬರೆಸಬೇಕು, ಇನ್ಶೂರೆನ್ಸಿಗೂ ಹೇಳಬೇಕು. ಬಂಪರಿನ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿದವರೊಬ್ಬರಿಗೆ ತೆಗೆಸಿಬಿಡಿ ಅಂದೆ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ, ಏರ್‌ಬ್ಯಾಗ್ ಸರಿಯಾಗಿ ಬಿಚ್ಚದಿರುವ ಅಪಾಯ ಬೇರೆ. ವಾರಂಟಿ ಹೋದರೆ ದುಡ್ಡು ಹೋಗುತ್ತದೆ. ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಬದಲಾಯಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೀರಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಕೂಡ ಆಗಬಹುದು. ಸೀಟ್ ಕವರ್, ಮ್ಯಾಟ್‌ಗೆಲ್ಲ ಸುಮ್ನೆ ಹೆದರಬೇಡಿ. ಸೈಡ್ ಏರ್‌ಬ್ಯಾಗ್ ಇರುವ ಸೀಟಿಗೆ ಮಾತ್ರ ಅದಕ್ಕೆ ಅಂತಲೇ ಹೊಲಿದ ಕವರ್ ನೋಡಿ ತಗೊಳ್ಳಿ.

ಬಾಕಿ ಇರುವುದು ಹಾರ್ನ್. ಅದರ ಜೋಡಿಯೂ ಕಂಪನಿ ವೈರಿಗೇ ನೇತಾಡುತ್ತಿದೆ. ಇನ್ನೊಂದು ನಾಲ್ಕು ಪಿನ್ನಿನ ರಿಲೇ, ಸಾಕೆಟ್ಟು, 15 ಆಂಪಿನ ಫ್ಯೂಸ್ ಹೋಲ್ಡರ್ ತಂದಿಟ್ಟಾಗಿದೆ. ಹಳೆಯ ಹಾರ್ನಿನ ಕಪ್ಲರ್ ರಿಲೇಯ 85, 86ಕ್ಕೆ ಹೋಗುತ್ತದೆ, ಹೊಸ ಹಾರ್ನುಗಳಿಗೆ ಬ್ಯಾಟರಿಯಿಂದ ಬೇರೆ ಲೈನು. ಮಳೆ ಬಿಟ್ಟ ಮೇಲೆ ಮುಂದಿನ ಬಂಪರ್ ಇಳಿಸಬೇಕು.